ಬುರುಡೆ ತಣ್ಣಗಾಗುವಷ್ಟು ಹೊತ್ತು

ಸ್ಕಾರ್ವ ದ್ವೀಪದ ಹೆಂಗಸರಿಗೆ ಮಧ್ಯಾಹ್ನದ ಅಡುಗೆಗೆ ಗಡಿಯಾರ ಬೇಕಿರಲಿಲ್ಲ. ಪಡುವಣದಲ್ಲಿ ಕಡಲಿಗೆ ಚಾಚಿದ ಮೂಗುಬಂಡೆಯನ್ನು ಬಳಸಿ ಬೋಟು ಒಳಕೊಲ್ಲಿಗೆ ಬಂತೆಂದರೆ ಅದರ ಇಂಜಿನ್ನಿನ ಬಡಿತ ಅಡುಗೆಮನೆಯ ತನಕ ಕೇಳುತ್ತಿತ್ತು. ಡುಂಕ್, ಡುಂಕ್, ಡುಂಕ್. ಒಂದೇ ಸಿಲಿಂಡರಿನ ಇಂಜಿನ್ನುಗಳು, ಆದರೆ ಒಂದೊಂದಕ್ಕೂ ಒಂದೊಂದು ನಡಿಗೆ. ಐಲರ್ಟನದು ಕುಂಟುತ್ತಿತ್ತು, ಮೋನ್ಸನದು ಕೆಮ್ಮುತ್ತಿತ್ತು, ಹಾಲ್ವರನ ಬೋಟು ‘ತೆರ್ನ’ ಮಾತ್ರ ಪಾದ್ರಿಗಳು ಮೆಟ್ಟಿಲು ಹತ್ತಿದ ಹಾಗೆ, ಸಾವಕಾಶ, ಸಮಸಮ. ತನ್ನವನ ಬಡಿತ ಕೇಳಿದವಳು ಆಲೂಗಡ್ಡೆಯ ಪಾತ್ರೆಯನ್ನು ಒಲೆಗೆ ಏರಿಸಿದರೆ ಸಾಕು. ಬಂಡೆಯಿಂದ ಬೋಟು ಕಟ್ಟುವ ಧಕ್ಕೆಗೆ ಇಪ್ಪತ್ತೈದು ನಿಮಿಷ, ಆಲೂಗಡ್ಡೆ ಬೇಯಲಿಕ್ಕೂ ಇಪ್ಪತ್ತೈದು ನಿಮಿಷ. ಗಂಡ ಬಾಗಿಲಲ್ಲಿ ಬೂಟು ಕಳಚುವ ಹೊತ್ತಿಗೆ ಒಳಗೆ ಅವಳು ನೀರು ಬಸಿಯುತ್ತಿದ್ದಳು.

ಡೀಸೆಲ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ಹೊಸ ಇಂಜಿನ್ನುಗಳೆಲ್ಲ ಒಂದೇ ಸಮನೆ ಗುರ್ ಎನ್ನುತ್ತವೆ. ಬರುತ್ತಿರುವವನು ತನ್ನ ಗಂಡನೋ ಪಕ್ಕದ ಮನೆಯವಳ ಗಂಡನೋ ದೇವರಿಗೇ ಗೊತ್ತು. ಅದೂ ಅಲ್ಲದೆ ಹದಿನೈದೇ ನಿಮಿಷಕ್ಕೆ ಧಕ್ಕೆಗೆ ಬಂದು ಮುಟ್ಟುತ್ತವೆ. ಒಂದು ಚಳಿಗಾಲ ಪೂರ್ತಿ ದ್ವೀಪದ ಅರ್ಧ ಗಂಡಸರು ಅರೆಬೆಂದ ಆಲೂಗಡ್ಡೆ ತಿಂದರು. ಆ ಬೈಗುಳವೆಲ್ಲ ಬಂದು ಬಿದ್ದದ್ದು ಸೀವರ್ಟನ ತಲೆಯ ಮೇಲೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತಿದ್ದ ಮೆಕ್ಯಾನಿಕ್ ಅವನೇ ತಾನೆ.

ಆಗ ಸೀವರ್ಟ್ ನಗುತ್ತಿದ್ದ. ಈಗ ಏಳು ವಾರದಿಂದ ಅವನು ನಕ್ಕದ್ದನ್ನು ಯಾರೂ ನೋಡಿಲ್ಲ. ಅತ್ತದ್ದನ್ನೂ ನೋಡಿಲ್ಲ.

ಮಾರ್ಚ್ ಕೊನೆಯ ವಾರ ಅವನ ಅಣ್ಣ ಹಾಲ್ವರ್ ಒಬ್ಬನೇ, ಸಾಲು ಗಾಳ ಕಟ್ಟಿ ನೀರಿಗೆ ಬಿಟ್ಟ ಹಗ್ಗ ಎಳೆಯಲು ಕಡಲಿಗೆ ಹೋದ. ಹೋದವನು ಬರಲಿಲ್ಲ. ಬೋಟು ಮಾತ್ರ ಮರುದಿನ ಮಧ್ಯಾಹ್ನ ಎಷ್ಟೋ ಮೈಲಿ ಬಡಗಣಕ್ಕೆ ಸಿಕ್ಕಿತು. ಮೇಲೆ ಒಂದು ನರಪಿಳ್ಳೆ ಇಲ್ಲ. ಹೊಸ ಡೀಸೆಲ್ ಇಂಜಿನ್ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಓಡುತ್ತಲೇ ಇತ್ತು. ಹಿಂದೆ ನೀರಿನಲ್ಲಿ ಎಳೆದುಕೊಂಡು ಬರುತ್ತಿದ್ದ ಹಗ್ಗದ ಒಂದು ಗಾಳಕ್ಕೆ ಹಾಲ್ವರನ ಬಲಗೈಯ ಉಣ್ಣೆಯ ಗವಸು ಸಿಕ್ಕಿಕೊಂಡಿತ್ತು. ಅಂದರೆ ಗಾಳ ಕೈಗವಸಿಗೆ ಕಚ್ಚಿ ಅವನನ್ನು ನೀರಿಗೆ ಎಳೆದುಹಾಕಿದೆ. ಹಗ್ಗದ ಒಂದು ತುದಿ ಬೋಟಿನಲ್ಲಿ, ನಡು ಅವನ ಕೈಯಲ್ಲಿ. ಬೋಟು ನಿಂತಿದ್ದರೆ ಆ ಹಗ್ಗವನ್ನೇ ಹಿಡಿದುಕೊಂಡು ಹತ್ತಿ ಬರುತ್ತಿದ್ದ. ಬೋಟು ನಿಲ್ಲಲಿಲ್ಲ.

‘ಹಳೇ ಬುರುಡೆ ಇಂಜಿನ್ ಇದ್ದಿದ್ದರೆ ನಿಲ್ಲುತ್ತಿತ್ತು.’ ಈ ಮಾತನ್ನು ಮೊದಲು ಯಾರು ಆಡಿದರೋ ಗೊತ್ತಿಲ್ಲ. ಊರ ಬಾಯಿಗೆ ಮುಚ್ಚಳ ಉಂಟೇ? ಒಂದು ವಾರದೊಳಗೆ ಅಂಗಡಿಯಲ್ಲಿ, ಅಂಚೆ ಕೊಠಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ಎಲ್ಲ ಕಡೆ ಅದೇ ಮಾತು. ಮಾತು ಸುಳ್ಳೂ ಆಗಿರಲಿಲ್ಲ. ಹಳೆಯ ಇಂಜಿನ್ನಿನ ತಲೆಯ ಮೇಲೆ ಸೋರೆಬುರುಡೆಯಂಥ ಕಬ್ಬಿಣದ ಒಂದು ಗುಂಡು ಇರುತ್ತದೆ. ಹೊರಡುವ ಮುಂಚೆ ಬ್ಲೋ ಲ್ಯಾಂಪ್ ಎಂಬ ಉರಿ ಉಗುಳುವ ದೀಪ ಹಿಡಿದು ಅದನ್ನು ಕೆಂಪಗೆ ಕಾಯಿಸಬೇಕು. ಕಾದ ಬುರುಡೆಯ ಒಳಗೆ ಎಣ್ಣೆ ಸಿಂಪಡಿಸಿದರೆ ಭಗ್ಗೆಂದು ಹತ್ತಿಕೊಂಡು ಇಂಜಿನ್ ನಡೆಯುತ್ತದೆ. ಆಮೇಲೆ ದುಡಿಯುತ್ತ ಇರುವ ತನಕ ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳುತ್ತದೆ. ಗಾಳ ಎಳೆಯುವಾಗ ಬೋಟು ಆಮೆಯ ಹಾಗೆ ತೆವಳಬೇಕಲ್ಲ, ಆಗ ಇಂಜಿನ್ನಿಗೆ ಕೆಲಸ ಕಡಿಮೆ, ಬುರುಡೆ ತಣ್ಣಗಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೆಳಗಿಳಿದು ಮತ್ತೆ ದೀಪ ತೋರಿಸಬೇಕು. ತೋರಿಸದಿದ್ದರೆ ಹದಿನೈದನೆಯ ನಿಮಿಷಕ್ಕೆ ನಾಲ್ಕು ಸಲ ಬಿಕ್ಕಿ ನಿಂತುಹೋಗುತ್ತದೆ. ಮಾರ್ಚಿನ ನೀರಿನಲ್ಲಿ ಹದಿನೈದು ನಿಮಿಷ ತಡೆಯುವ ಗಂಡಸರಿದ್ದಾರೆ. ಹಾಲ್ವರ್ ಅಂಥವನು ಎಂದು ಇಡೀ ದ್ವೀಪಕ್ಕೆ ಗೊತ್ತಿತ್ತು. ಕೊನೆಯ ಪಕ್ಷ ಅವನು ಸತ್ತ ಮೇಲೆ ಗೊತ್ತಾಯಿತು.

ಸೀವರ್ಟ್ ಈ ಮಾತಿಗೆ ಎದುರಾಡಲಿಲ್ಲ. ಅವನೂ ಅದನ್ನೇ ನಂಬಿದ್ದ. ಅವನನ್ನು ಬೆರಗುಗೊಳಿಸಿದ್ದು ಬೇರೆ ವಿಷಯ: ಅವನಿಗೆ ಏನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದ, ಬ್ರೆಡ್ಡಿನ ಮೇಲೆ ಕಂದು ಚೀಸು ಹಚ್ಚುತ್ತಿದ್ದ, ತಿಂದೆನೋ ಇಲ್ಲವೋ ಎಂದು ಆಮೇಲೆ ತಟ್ಟೆ ನೋಡಿ ತಿಳಿದುಕೊಳ್ಳುತ್ತಿದ್ದ. ಒಂದು ದಿನ ವರ್ಕ್‌ಶಾಪಿನಲ್ಲಿ ಓಡುತ್ತಿದ್ದ ಇಂಜಿನ್ನಿನ ಹೊಗೆಕೊಳವೆಯ ಮೇಲೆ ಕೈ ಊರಿ ನಿಂತಿದ್ದ. ಚರ್ಮ ಸುಟ್ಟ ವಾಸನೆ ಬಂದಾಗ ಎಲ್ಲಿಂದ ಎಂದು ಸುತ್ತ ನೋಡಿದ. ಗುಳ್ಳೆ ಎದ್ದಿತ್ತು, ಉರಿ ಇರಲಿಲ್ಲ. ಅದಕ್ಕೆ ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದ.

ನೆನಪಿಗೆ ಬರುತ್ತಿದ್ದುದು ಒಂದೇ. ಹಿಂದಿನ ಸೆಪ್ಟೆಂಬರಿನಲ್ಲಿ, ಅಣ್ಣನ ಮನೆಯ ಅಡುಗೆಕೋಣೆಯಲ್ಲಿ, ಕಾಫಿ ಕುಡಿಯುತ್ತ ಅಣ್ಣನ ತಲೆ ತಿಂದದ್ದು.

“ಬದಲಾಯಿಸೋ, ಹಾಲ್ವರ್. ಇನ್ನೆಷ್ಟು ವರ್ಷ ಆ ಬುರುಡೆಗೆ ಸೇವೆ ಮಾಡ್ತೀಯ? ಬೆಳಿಗ್ಗೆ ಎದ್ದು ಕಾಲು ಗಂಟೆ ಅದಕ್ಕೆ ದೀಪ ಹಿಡ್ಕೊಂಡು ಕೂರ್ತೀಯ. ಬೋರ್ಗಿಲ್‌ಗಾದ್ರೂ ಅಷ್ಟು ಹೊತ್ತು ಕೊಟ್ಟಿದೀಯ?”

ಹಾಲ್ವರನ ಹೆಂಡತಿ ಬೋರ್ಗಿಲ್ ಒಲೆಯ ಹತ್ತಿರದಿಂದಲೇ, “ನಂಗೆ ದೀಪ ಹಿಡಿಯೋದು ಬೇಡಪ್ಪ, ನಾನು ಹಾಗೇ ಬಿಸಿಯಾಗ್ತೀನಿ,” ಎಂದಿದ್ದಳು.

ಹಾಲ್ವರ್ ನಗುತ್ತ ಕೇಳಿದ್ದ, “ಆಯ್ತಪ್ಪ, ನಿನ್ನ ಡೀಸೆಲ್ಲಿಗೆ ಬೆಂಕಿ ಯಾರು ಹಚ್ತಾರೆ? ಅಪ್ಪ ಉಗಿಹಡಗಲ್ಲಿ ಕಲ್ಲಿದ್ದಲು ಹಾಕ್ತಿದ್ದ, ಅದು ನಂಗೆ ಅರ್ಥ ಆಗುತ್ತೆ. ಹೊರಗೆ ಬೆಂಕಿ, ಒಳಗೆ ನೀರು, ಕುದೀತು, ತಳ್ತು. ಪೆಟ್ರೋಲಿಗೆ ಕಿಡಿ ಹಾರಿಸ್ತಾರೆ, ಅದೂ ಸರಿ. ಆದ್ರೆ ಉಪ್ಪುನೀರು ಒಂದು ಹನಿ ತಾಗಿದ್ರೆ ಕಿಡೀನೂ ಇಲ್ಲ ಗಿಡೀನೂ ಇಲ್ಲ. ನನ್ನ ಬುರುಡೆಗೆ ದೀಪ ಉಂಟು. ಇದಕ್ಕೆ?”

“ಏನೂ ಬೇಡ. ಬರೀ ಗಾಳೀನ ಹಿಂಡುತ್ತೆ. ಇಪ್ಪತ್ತು ಲೋಟದಷ್ಟು ಗಾಳೀನ ಒಂದು ಲೋಟಕ್ಕೆ ಹಿಂಡುತ್ತೆ.”

“ಹಿಂಡಿದ್ರೆ ಬೆಂಕಿ ಬರುತ್ತಾ?”

“ಸೈಕಲ್ಲಿಗೆ ಗಾಳಿ ಹೊಡೀವಾಗ ಪಂಪಿನ ಬುಡ ಬಿಸಿ ಆಗಲ್ವಾ? ಅದೇ. ಆ ಬಿಸಿಗೆ ಎಣ್ಣೆ ತಾನಾಗೇ ಹತ್ಕೊಳ್ಳುತ್ತೆ. ಹಳೇದು ಅಷ್ಟು ಹಿಂಡಲ್ಲ, ಅದಕ್ಕೇ ಅದಕ್ಕೆ ಕಾದ ಬುರುಡೆ ಬೇಕು. ಇದಕ್ಕೆ ಚಳಿ ಇಲ್ಲ, ಮಳೆ ಇಲ್ಲ. ಗುಂಡಿ ಒತ್ತಿದ್ರೆ ಶುರು.”

“ಮತ್ತೆ ನಿಲ್ಲೋದು?”

“ನೀನು ನಿಲ್ಲಿಸಿದಾಗ. ಇಲ್ಲಾಂದ್ರೆ ಎಣ್ಣೆ ಮುಗಿದಾಗ.” ಸೀವರ್ಟ್ ಜಂಬದಿಂದ ಹೇಳಿದ್ದ. “ನಿನ್ನ ಬುರುಡೆ ಥರ ಮುನಿಸ್ಕೊಂಡು ಕೂರಲ್ಲ.”

ಅಕ್ಟೋಬರಿನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಮುನಿಸಿಕೊಂಡು ಕೂರುವುದಿಲ್ಲ ಎಂಬ ಆ ಮಾತು ಈಗ ದಿನಕ್ಕೆ ಹತ್ತು ಸಲ ಅವನ ಕಿವಿಗೆ ಬರುತ್ತಿತ್ತು. ಬಂದರೂ ಒಳಗೆ ಏನೂ ಅಲುಗುತ್ತಿರಲಿಲ್ಲ. ದೇಹ ಸಿಗದ ಹಾಲ್ವರನಿಗಾಗಿ ಇಗರ್ಜಿಯಲ್ಲಿ ಪ್ರಾರ್ಥನೆ ಮಾಡಿದ ದಿನ ಬೋರ್ಗಿಲ್ ಅವನನ್ನು ದಾಟಿಕೊಂಡು ಹೋದಳು, ಮುಖ ನೋಡಲಿಲ್ಲ. ಅಂದಿನಿಂದ ಮಾತೂ ಇಲ್ಲ. ಅದನ್ನೂ ಅವನು ಸರಿಯೇ ಎಂದುಕೊಂಡ.

ಮೇ ತಿಂಗಳ ಎರಡನೆಯ ಶನಿವಾರ ಐಲರ್ಟ್ ವರ್ಕ್‌ಶಾಪಿಗೆ ಬಂದ. ಅವನ ಹಿಂದೆ ಮೋನ್ಸ್. ಇಬ್ಬರೂ ಅರವತ್ತು ದಾಟಿದವರು, ದಿನವಿಡೀ ಒಬ್ಬರನ್ನೊಬ್ಬರು ಬೈಯದೆ ಉಂಡ ಅನ್ನ ಅರಗದ ಜೋಡಿ. ಐಲರ್ಟನ ಬೋಟನ್ನು ದಡಕ್ಕೆ ಎಳೆದಿಟ್ಟು ಎರಡು ತಿಂಗಳಾಗಿತ್ತು. ಹಳೆಯ ಇಂಜಿನ್ನಿನ ಬೋಲ್ಟು ಬಿಚ್ಚಿತ್ತು, ಹೊಸದು ಪೆಟ್ಟಿಗೆಯಲ್ಲೇ ಇತ್ತು. ಹಾಲ್ವರ್ ಹೋದಂದಿನಿಂದ ಆ ಕೆಲಸ ಹಾಗೇ ನಿಂತಿತ್ತು.

“ಸೀವರ್ಟ್, ನಂಗೆ ಒಂದು ತೀರ್ಮಾನ ಬೇಕು,” ಐಲರ್ಟ್ ಹೇಳಿದ. “ಬೋಟು ದಡದಲ್ಲಿ ಕೂತು ಒಣಗ್ತಿದೆ.”

“ಅವನ ಹೆಂಡ್ತೀನೂ,” ಎಂದ ಮೋನ್ಸ್.

“ನೀನು ಬಾಯಿ ಮುಚ್ಚು. ನೋಡು ಸೀವರ್ಟ್, ಬೇಜಾರು ಮಾಡ್ಕೋಬೇಡ. ಹಾಲ್ವರನ ಹಳೇ ಇಂಜಿನ್ ನಿನ್ನ ಹಿತ್ತಲಲ್ಲೇ ಇದೆಯಲ್ಲ. ಒಂದ್ಸಲ ಹಚ್ಚಿ ನೋಡೇಬಿಡೋಣ. ತೆವಳೋ ಹಾಗೆ ಬಿಡೋಣ, ದೀಪ ತೋರ್ಸೋದು ಬೇಡ. ನಿಜವಾಗ್ಲೂ ನಿಂತುಹೋದ್ರೆ ನಾನು ನನ್ನ ಹಳೇದನ್ನೇ ಇಟ್ಕೊಳ್ತೀನಿ. ಒಬ್ನೇ ಹೋಗೋನು ನಾನೂ.”

“ನಿಲ್ಲುತ್ತೆ,” ಸೀವರ್ಟ್ ಹೇಳಿದ. “ಹಚ್ಚೋದೇನೂ ಬೇಕಿಲ್ಲ.”

“ಕಣ್ಣಾರೆ ನೋಡ್ಬೇಕು.”

ಬೇರೆ ಯಾರಾದರೂ ಆಗಿದ್ದರೆ ಸ್ಪ್ಯಾನರ್ ಎತ್ತಿ ಬೀಸುತ್ತಿದ್ದರೇನೋ. ನಿನ್ನ ಅಣ್ಣನನ್ನು ನೀನೇ ಕೊಂದೆಯೋ ಇಲ್ಲವೋ ಗಡಿಯಾರ ಹಿಡಿದು ಅಳೆಯೋಣ ಬಾ ಎಂದ ಹಾಗೆ ಆಯಿತಲ್ಲ ಅದು. ಸೀವರ್ಟ್ ಮಾತ್ರ ಕೈ ಒರೆಸಿಕೊಂಡು ಹಿತ್ತಲಿಗೆ ನಡೆದ. ಹೇಳಿದ ಕೆಲಸ ಮಾಡುವುದು ಅವನಿಗೆ ಈಗ ಸುಲಭವಾಗಿತ್ತು. ಬೇಡ ಎನ್ನಲು ಮನಸ್ಸು ಬೇಕು.

ಇಂಜಿನ್ ಮರದ ದಿಮ್ಮಿಗಳ ಮೇಲೆ ಟಾರ್ಪಾಲಿನ ಕೆಳಗೆ ಕೂತಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಹಿತ್ತಾಳೆ ಮಾತ್ರ ಇನ್ನೂ ಹೊಳೆಯುತ್ತಿತ್ತು. ಹಾಲ್ವರ್ ಅದನ್ನು ಭಾನುವಾರ ಇಗರ್ಜಿಗೆ ಹೋಗುವ ಮುಂಚೆ ತಿಕ್ಕುತ್ತಿದ್ದ. ಸೀವರ್ಟ್ ತಂಪಿನ ನೀರಿಗೆ ಪೀಪಾಯಿಯಿಂದ ಕೊಳವೆ ಜೋಡಿಸಿದ. ಭಾರದ ಗಾಲಿಗೆ ಬೆಲ್ಟು ಹಾಕಿ ಒಂದು ಚಿಕ್ಕ ಪಂಪಿಗೆ ಕೊಟ್ಟ. ತೆವಳುವ ಬೋಟಿನಲ್ಲಿ ಎಷ್ಟು ಭಾರ ಬೀಳುತ್ತದೋ ಸರಿಯಾಗಿ ಅಷ್ಟೇ ಬೀಳಬೇಕು. ಹೆಚ್ಚು ಬಿದ್ದರೆ ಬುರುಡೆ ಬಿಸಿ ಉಳಿಸಿಕೊಂಡು ಸೀವರ್ಟನ ಪರವಾಗಿ ಸುಳ್ಳು ಹೇಳುತ್ತದೆ. ಅದಕ್ಕೆ ಅವನು ಎರಡು ಸಲ ಅಳೆದ.

ಬ್ಲೋ ಲ್ಯಾಂಪ್ ಹಿಡಿದು ಹದಿಮೂರು ನಿಮಿಷ ಕೂತ. ಬುರುಡೆ ಮೊದಲು ಬೂದು, ಆಮೇಲೆ ನೀಲಿ, ಆಮೇಲೆ ಹಣ್ಣಾದ ಚೆರ್ರಿಯ ಕೆಂಪು. ಎಣ್ಣೆ ಕೊಟ್ಟು, ಗಾಲಿಯನ್ನು ಅತ್ತಿತ್ತ ತೂಗಿ, ಒಮ್ಮೆ ಜೋರಾಗಿ ತಳ್ಳಿ ಕೈ ಬಿಟ್ಟ.

ಡುಂಕ್.

ಮೋನ್ಸ್ ತನ್ನ ಟೋಪಿ ತೆಗೆದ. ಯಾಕೆ ತೆಗೆದೆ ಎಂದು ಅವನಿಗೂ ಗೊತ್ತಾಗಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಡುಂಕ್, ಡುಂಕ್, ಡುಂಕ್. ಏಳು ತಿಂಗಳಿಂದ ಆ ಕೊಲ್ಲಿಯಲ್ಲಿ ಕೇಳದಿದ್ದ ನಡಿಗೆ. ಧಕ್ಕೆಯಲ್ಲಿ ಮೀನು ಸೀಳುತ್ತಿದ್ದವರು ಚಾಕು ನಿಲ್ಲಿಸಿ ಈ ಕಡೆ ತಿರುಗಿದರು. ಅಂಗಡಿಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತರು. ಯಾರೂ ಹತ್ತಿರ ಬರಲಿಲ್ಲ.

ಸೀವರ್ಟ್ ವೇಗ ಇಳಿಸಿ ದೀಪ ಆರಿಸಿ ಪಕ್ಕಕ್ಕಿಟ್ಟ. “ಈಗ ನೋಡ್ಕೋ,” ಎಂದ. ಐಲರ್ಟ್ ಜೇಬಿನಿಂದ ಗಡಿಯಾರ ತೆಗೆದ. ಹನ್ನೆರಡೂ ಕಾಲು.

ಐದು ನಿಮಿಷ ಕಳೆಯಿತು. ಬುರುಡೆಯ ಕೆಂಪು ಹೋಯಿತು. ಹೊಗೆ ಚಿಕ್ಕ ಚಿಕ್ಕ ಬಳೆಗಳಾಗಿ ಮೇಲೇರುತ್ತಿತ್ತು. ಹತ್ತನೆಯ ನಿಮಿಷಕ್ಕೆ ಒಂದು ಬಡಿತ ತಪ್ಪಿತು.

“ಹ್ಞಾ,” ಎಂದ ಐಲರ್ಟ್, ಮೆಲ್ಲಗೆ.

ಸೀವರ್ಟ್ ತಲೆ ಬಗ್ಗಿಸಿ ನಿಂತಿದ್ದ. ಹನ್ನೊಂದನೆಯ ನಿಮಿಷಕ್ಕೆ ಎರಡು ತಪ್ಪಿದವು. ಹೊಗೆ ಬೆಳ್ಳಗಾಯಿತು. ಇನ್ನು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ತೆವಳುವ ಬೋಟು ಇಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋಗುತ್ತದೆ, ಹಗ್ಗ ಎಷ್ಟು ಉದ್ದ, ತಣ್ಣೀರಿನಲ್ಲಿ ಒಂದು ಕೈ ಎಷ್ಟು ಹೊತ್ತು ಬಿಗಿಹಿಡಿಯುತ್ತದೆ, ಎಲ್ಲವನ್ನೂ ಅವನ ತಲೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಉತ್ತರ ಅವನಿಗೆ ಮೊದಲೇ ಗೊತ್ತಿತ್ತು. ಬದುಕುತ್ತಿದ್ದ. ಅಣ್ಣ ಬದುಕುತ್ತಿದ್ದ. ಈ ಮಾತು ಮನಸ್ಸಿನೊಳಗೆ ಬಂದು, ಖಾಲಿ ಮನೆಗೆ ಬಂದ ನೆಂಟನ ಹಾಗೆ ಸುಮ್ಮನೆ ನಿಂತಿತು.

ಆಗ ಮರದ ಚಪ್ಪಲಿಯ ಸದ್ದು ಕೇಳಿತು.

ಬೋರ್ಗಿಲ್ ಗುಡ್ಡದ ದಾರಿಯಿಂದ ಇಳಿದು ಬರುತ್ತಿದ್ದಳು. ಕೋಳಿಗೂಡಿನಿಂದ ನೇರವಾಗಿ ಬಂದಂತಿತ್ತು. ಏಪ್ರನ್ನಿನ ಮೇಲೆ ಹೊಟ್ಟು, ತಲೆಬಟ್ಟೆ ಹಿಂದಕ್ಕೆ ಜಾರಿತ್ತು. ಕೈಯಲ್ಲಿ ಕೋಳಿಗೆ ಕಾಳು ಅಳೆಯುವ ಕಬ್ಬಿಣದ ಬಟ್ಟಲು. ಅದನ್ನು ಕೆಳಗಿಡಲೂ ಮರೆತು ಓಡಿಬಂದಿದ್ದಾಳೆ ಎಂದುಕೊಂಡರು ಎಲ್ಲರೂ.

“ಏನ್ ಮಾಡ್ತಿದೀರ?” ಏದುಸಿರು ಬಿಡುತ್ತ ಕೇಳಿದಳು. ಅವಳು ಕೇಳಿದ್ದು ಐಲರ್ಟನನ್ನು.

“ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ನೋಡ್ತಿದೀವಿ ಬೋರ್ಗಿಲ್. ನನ್ನ ಬೋಟಿಗೋಸ್ಕರ. ತಪ್ಪು ತಿಳ್ಕೋಬೇಡ.”

ಇಂಜಿನ್ ಬಿಕ್ಕಿತು. ಮೂರು ಬಡಿತ ಇಲ್ಲ, ಒಂದು ಬಂತು, ಮತ್ತೆ ಇಲ್ಲ. ಭಾರದ ಗಾಲಿ ತನ್ನ ತೂಕಕ್ಕೇ ಉರುಳುತ್ತಿತ್ತು. ಬೋರ್ಗಿಲ್ ಇಂಜಿನ್ ನೋಡಿದಳು, ಅದರ ಪಕ್ಕ ತಲೆ ಬಗ್ಗಿಸಿ ನಿಂತ ಮೈದುನನನ್ನು ನೋಡಿದಳು. ಆಮೇಲೆ ಬಟ್ಟಲಿನಲ್ಲಿದ್ದ ಜೋಳವನ್ನು ನೆಲಕ್ಕೆ ಸುರಿದು, ಏಪ್ರನ್ನಿನ ಅಂಚನ್ನು ಕೈಗೆ ಸುತ್ತಿಕೊಂಡು, ಆ ಬಟ್ಟಲನ್ನು ಬುರುಡೆಯ ಮೇಲೆ ಕವುಚಿಹಾಕಿ ಅರ್ಧ ಸುತ್ತು ತಿರುಗಿಸಿದಳು. ಅದು ಕಟ್ ಎಂದು ಕೂತಿತು. ಅಳತೆ ತೆಗೆದು ಮಾಡಿದ ಹಾಗೆ.

ಅಳತೆ ತೆಗೆದೇ ಮಾಡಿದ್ದು ಅದು. ಮಾಡಿದವನು ಸೀವರ್ಟ್.

ಹದಿಮೂರು ವರ್ಷದ ಹಿಂದೆ, ಹೊಸದಾಗಿ ವರ್ಕ್‌ಶಾಪ್ ಹಾಕಿದಾಗ, ಅಣ್ಣ ದೀಪ ತೋರಿಸಲು ಹತ್ತಿ ಇಳಿದು ಸುಸ್ತಾಗುತ್ತಾನೆಂದು ಬುರುಡೆಗೆ ಒಂದು ಕಬ್ಬಿಣದ ಮುಚ್ಚಿಗೆ ಮಾಡಿಕೊಟ್ಟಿದ್ದ. ಒಳಗೆ ಶಾಖ ತಡೆಯುವ ಪದರ. ಅದನ್ನು ಹಾಕಿದರೆ ಬೋಟು ಎಷ್ಟು ತೆವಳಿದರೂ ಬುರುಡೆ ತಣ್ಣಗಾಗುತ್ತಿರಲಿಲ್ಲ. ಹಾಲ್ವರ್ ಅದಕ್ಕೆ ಕುಲಾವಿ ಎಂದು ಹೆಸರಿಟ್ಟಿದ್ದ. ಮೂರು ವರ್ಷದ ಮೇಲೆ ವಿಮೆಯ ಕಡೆಯ ತಪಾಸಣೆಯವನು ಬಂದು, ಇಂಥದ್ದರಿಂದ ಬೇರೆ ಕಡೆ ಒಂದು ಬೋಟಿನ ಹಲಗೆ ಸುಟ್ಟಿದೆ, ತೆಗೆಯಿರಿ ಎಂದ. ಸೀವರ್ಟನೇ ಹೋಗಿ ಅಣ್ಣನಿಗೆ ಹೇಳಿದ್ದ. ‘ಎಸೆದೆ ಮಾರಾಯ,’ ಎಂದಿದ್ದ ಹಾಲ್ವರ್. ಅಕ್ಟೋಬರಿನಲ್ಲಿ ಇಂಜಿನ್ ಎತ್ತುವಾಗ ಕುಲಾವಿ ಇರಲಿಲ್ಲ. ಎಸೆದಿದ್ದಾನೆ ಎಂದೇ ಸೀವರ್ಟ್ ನಂಬಿದ್ದ.

“ಎಸೀಲಿಲ್ಲ,” ಬೋರ್ಗಿಲ್ ಹೇಳಿದಳು. ಈಗ ಅವಳು ಮಾತಾಡಿದ್ದು ಅವನ ಜೊತೆ. “ಒಂದು ದಿನವೂ ಇದಿಲ್ದೆ ಹೋಗ್ಲಿಲ್ಲ ಅವನು. ನೀನು ಬರ್ತಿದೀಯ ಅಂದ್ರೆ ಬೂಟಿನೊಳಗೆ ಬಚ್ಚಿಡ್ತಿದ್ದ. ಇಂಜಿನ್ ಎತ್ತೋ ಹಿಂದಿನ ದಿನ ಮನೆಗೆ ತಂದ. ‘ಸೀವರ್ಟನ ಕಣ್ಣಿಗೆ ಬಿದ್ರೆ ಬೈತಾನೆ, ಕೋಳಿಗೆ ಇಟ್ಕೋ’ ಅಂದ.”

ಇಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಒಂದು ಬಡಿತ, ಇನ್ನೊಂದು. ನಡುವಿನ ಖಾಲಿಗಳು ಒಂದೊಂದಾಗಿ ತುಂಬಿಕೊಂಡವು. ಬಿಳಿ ಹೊಗೆ ತೆಳ್ಳಗಾಯಿತು. ಡುಂಕ್, ಡುಂಕ್, ಡುಂಕ್, ಪಾದ್ರಿಗಳು ಮತ್ತೆ ಮೆಟ್ಟಿಲು ಹತ್ತತೊಡಗಿದರು.

ಹದಿನೈದು ನಿಮಿಷ ಆಯಿತು. ಇಪ್ಪತ್ತಾಯಿತು. ಐಲರ್ಟ್ ಗಡಿಯಾರ ನೋಡುವುದನ್ನು ಬಿಟ್ಟ.

“ಇದೂ ನಿಲ್ತಿರ್ಲಿಲ್ಲ,” ಎಂದ ಮೋನ್ಸ್. ಹೇಳಬೇಕಾದ್ದನ್ನು ಯಾರಾದರೂ ಹೇಳಬೇಕಿತ್ತು.

“ಇಲ್ಲ,” ಎಂದಳು ಬೋರ್ಗಿಲ್.

“ನಿಂಗೆ ಗೊತ್ತಿತ್ತು,” ಸೀವರ್ಟ್ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಗೊತ್ತಿತ್ತು.” ಅವಳು ಏಪ್ರನ್ನನ್ನು ಕೈಯಿಂದ ಬಿಚ್ಚಿ ಮಡಿಸಿದಳು, ಮತ್ತೆ ಬಿಚ್ಚಿದಳು. “ಏಳು ವಾರದಿಂದ ಬೆಳಿಗ್ಗೆ ಸಾಯಂಕಾಲ ಇದ್ರಲ್ಲೇ ಕಾಳು ಅಳೀತಿದೀನಿ, ಗೊತ್ತಿಲ್ದೆ ಏನು. ಊರವರು ನಿನ್ನ ಆಡ್ಕೊಳ್ಳೋವಾಗ ಸುಮ್ನಿದ್ದೆ. ಒಂದು ಮಾತು ಸಾಕಿತ್ತು, ಆಡ್ಲಿಲ್ಲ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಮಲಗಿದ್ರೆ ನಿದ್ದೆ ಬರ್ತಿತ್ತು ಸೀವರ್ಟ್. ಸಿಟ್ಟು ಬಿಟ್ರೆ ಅವನ ಪಕ್ಕದ ದಿಂಬು ಕಾಣಿಸ್ತಿತ್ತು. ಅಷ್ಟೇ. ಕೆಟ್ಟವಳು ನಾನು.”

ಐಲರ್ಟ್ ನೆಲ ನೋಡುತ್ತಿದ್ದ. ಮೋನ್ಸ್ ಟೋಪಿಯನ್ನು ಹಾಕಿಕೊಂಡು ಮತ್ತೆ ತೆಗೆದ.

ಈಗ ಎದೆಯ ಮೇಲಿನ ಭಾರ ಇಳಿಯಬೇಕು ಎಂದು ಸೀವರ್ಟ್ ಕಾದ. ಕೊಂದವನು ತಾನಲ್ಲ. ಹಳೆಯ ಇಂಜಿನ್ ಇದ್ದಿದ್ದರೂ ಬೋಟು ಹೀಗೇ, ಇದೇ ಸಾವಕಾಶದ ನಡಿಗೆಯಲ್ಲಿ, ಅಣ್ಣನನ್ನು ಬಿಟ್ಟು ಹೋಗುತ್ತಿತ್ತು. ಕಾದ, ಏನೂ ಇಳಿಯಲಿಲ್ಲ. ಏಳು ವಾರ ಅವನು ಹಿಡಿದುಕೊಂಡಿದ್ದದ್ದು ತಪ್ಪನ್ನು. ಅದು ಇರುವ ತನಕ ಮಾಡಲು ಒಂದು ಕೆಲಸವಾದರೂ ಇತ್ತು, ಹಗ್ಗದ ಉದ್ದ ಲೆಕ್ಕ ಹಾಕುವುದು, ನಿಮಿಷ ಎಣಿಸುವುದು. ಈಗ ಎಣಿಸಲು ಏನೂ ಉಳಿಯಲಿಲ್ಲ. ಅಣ್ಣ ಇರಲಿಲ್ಲ, ಅಷ್ಟೇ.

“ನಿಲ್ಸಿಬಿಡು ಸೀವರ್ಟ್,” ಐಲರ್ಟ್ ಮೆಲ್ಲಗೆ ಹೇಳಿದ. “ಗೊತ್ತಾಯ್ತಲ್ಲ. ನಂದಕ್ಕೆ ಹೊಸದನ್ನೇ ಹಾಕು. ಯಾವ್ದು ಹಾಕಿದ್ರೂ ನಾನಿನ್ನು ಒಬ್ನೇ ಹೋಗಲ್ಲ. ಈ ಮೋನ್ಸನ್ನ ಕರ್ಕೊಂಡು ಹೋಗ್ತೀನಿ.”

“ಅದಕ್ಕಿಂತ ಮುಳುಗೋದೇ ವಾಸಿ,” ಎಂದ ಮೋನ್ಸ್. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಸೀವರ್ಟ್ ಎಣ್ಣೆಯ ನಲ್ಲಿಯ ಮೇಲೆ ಕೈ ಇಟ್ಟ. ತಿರುಗಿಸಲಿಲ್ಲ. ಬೋರ್ಗಿಲ್ ಕೂಡ ತಿರುಗಿಸು ಎನ್ನಲಿಲ್ಲ. ಇಬ್ಬರೂ ಹಾಗೇ ನಿಂತು ಕೇಳುತ್ತಿದ್ದರು. ಕಣ್ಣು ಮುಚ್ಚಿದರೆ ಹಾಲ್ವರ್ ಬಂಡೆ ಬಳಸಿ ಒಳಗೆ ಬರುತ್ತಿದ್ದ. ನಲ್ಲಿ ಮುಚ್ಚಿದರೆ ಮುಗಿಯಿತು. ಮೂವತ್ತು ನಿಮಿಷ ಆಯಿತು, ಮೂವತ್ತೈದಾಯಿತು.

ಅಷ್ಟರಲ್ಲಿ ಗುಡ್ಡದ ದಾರಿಯಲ್ಲಿ ಇನ್ನೊಬ್ಬರು ಕಂಡರು. ಸೀವರ್ಟನ ತಾಯಿ ಊಲುಫೀನ, ಹಾಲ್ವರನ ಮನೆಯಲ್ಲೇ ಇರುವವಳು. ಎಂಬತ್ತೆರಡು ವರ್ಷ. ಚಳಿಗಾಲ ಮುಗಿದ ಮೇಲೆ ಅಂಗಳ ದಾಟಿ ಹೊರಗೆ ಬಂದವಳಲ್ಲ. ಎರಡೂ ಕೈಯಲ್ಲಿ ಒಂದು ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುತ್ತಿದ್ದಳು. ಮೋನ್ಸ್ ಓಡಿಹೋಗಿ ಪಾತ್ರೆಗೆ ಕೈ ಚಾಚಿದರೆ ಕೊಡಲಿಲ್ಲ.

“ಬೆಂದು ಹತ್ತು ನಿಮಿಷ ಆಯ್ತು,” ಎಂದಳು, ಬಂದು ನಿಂತು. “ಇನ್ನೂ ಬಂಡೆ ಹತ್ರಾನೇ ಏನ್ ಮಾಡ್ತಿದೀರ?”

ಬೋರ್ಗಿಲ್ ಅತ್ತೆಯ ಭುಜ ಹಿಡಿದಳು. ಸೀವರ್ಟ್, “ಅಮ್ಮಾ,” ಎಂದ, “ಅಮ್ಮಾ, ಇದು ಬರೀ ಇಂಜಿನ್ನು. ನಾವು ಸುಮ್ನೆ ಹಚ್ಚಿದ್ವಿ. ಹಾಲ್ವರ್...”

“ಗೊತ್ತು ಕಣೋ. ನನಗೆ ಅರಳುಮರಳು ಅಂದ್ಕೊಂಡ್ಯಾ? ನನ್ನ ಮಗ ಇಲ್ಲ ಅಂತ ನಂಗ್ಯಾರೂ ಹೇಳ್ಬೇಕಾಗಿಲ್ಲ.” ಜಾರುತ್ತಿದ್ದ ಟವೆಲನ್ನು ಪಾತ್ರೆಗೆ ಮತ್ತೆ ಸುತ್ತಿದಳು. “ಕುರ್ಚಿ ಮೇಲೆ ಕೂತಿದ್ದೆ. ಕೇಳಿಸ್ತು. ನೋಡಿದ್ರೆ ಒಲೆ ಮೇಲೆ ಇಟ್ಟುಬಿಟ್ಟಿದೀನಿ. ಮೂವತ್ತು ವರ್ಷ ಇಟ್ಟಿದೀನಿ, ಇಡದೆ ಏನ್ ಮಾಡ್ಲಿ? ಬೆಂದ ಮೇಲೆ ಚೆಲ್ಲೋಕಾಗುತ್ತಾ?”

“ಎಷ್ಟು ಇಟ್ರಿ?” ಬೋರ್ಗಿಲ್ ಕೇಳಿದಳು.

“ಹತ್ತು.”

ಬೋರ್ಗಿಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಮನೆಯ ಲೆಕ್ಕ ಸೀವರ್ಟನಿಗೂ ಗೊತ್ತಿತ್ತು. ಅಮ್ಮನಿಗೆ ಎರಡು, ಬೋರ್ಗಿಲ್‌ಗೆ ಎರಡು, ಹಾಲ್ವರನಿಗೆ ಆರು.

“ಅದನ್ನ ನಿಲ್ಸು,” ತಾಯಿ ಹೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಲ್ವರನಿಗೆ ಹೇಳುತ್ತಿದ್ದ ಅದೇ ದನಿ. “ನಿಲ್ಸಿ ಬಂದು ಕೂತ್ಕೋ. ಆರಿಹೋಗುತ್ತೆ.”

ಸೀವರ್ಟ್ ನಲ್ಲಿ ತಿರುಗಿಸಿದ. ಡುಂಕ್, ಡುಂಕ್. ಡುಂಕ್. ಗಾಲಿ ಬಹಳ ಹೊತ್ತು ಉರುಳಿತು. ಕೊನೆಯ ಸುತ್ತು ಮೇಲೆ ಹೋಗಲಾರದೆ, ಸ್ವಲ್ಪ ಹಿಂದಕ್ಕೆ ಬಂದು, ಅಲ್ಲೇ ತೂಗಿ ನಿಂತಿತು. ಕೊಲ್ಲಿಯಲ್ಲಿ ನೀರಿನ ಸದ್ದು ಕೇಳತೊಡಗಿತು.

ಐಲರ್ಟ್, ಮೋನ್ಸ್ ಇಬ್ಬರೂ ಹೇಳದೆ ಹೋದರು. ಉಳಿದ ಮೂವರೂ ಮರದ ದಿಮ್ಮಿಯ ಮೇಲೆ ಕೂತರು. ತಟ್ಟೆ ಇರಲಿಲ್ಲ. ತಾಯಿ ಏಪ್ರನ್ನಿನ ಜೇಬಿನಿಂದ ಕಾಗದದಲ್ಲಿ ಕಟ್ಟಿದ ಉಪ್ಪು ತೆಗೆದು ನಡುವೆ ಬಿಚ್ಚಿಟ್ಟಳು. ತನ್ನ ಎರಡನ್ನು ತೆಗೆದುಕೊಂಡಳು, ಸೊಸೆಗೆ ಎರಡು ಕೊಟ್ಟಳು, ಪಾತ್ರೆಯನ್ನು ಸೀವರ್ಟನ ಮಡಿಲಲ್ಲಿಟ್ಟಳು.

“ಇಷ್ಟು ನಂಗೆ ಆಗಲ್ಲಮ್ಮ,” ಎಂದ.

“ತಿನ್ನು.”

ಮೊದಲನೆಯದನ್ನು ಸಿಪ್ಪೆ ಸಮೇತ ಬಾಯಿಗಿಟ್ಟ. ಸುಟ್ಟಿತು. ನಾಲಿಗೆ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ಗಾಳಿ ಎಳೆದುಕೊಂಡ. “ಬಿಸಿ,” ಎಂದ, ಆಶ್ಚರ್ಯದಿಂದ. ಕಣ್ಣಿನ ನೀರು ನಿಲ್ಲಲಿಲ್ಲ. ಎರಡನೆಯದನ್ನು ಉಪ್ಪಿಗೆ ಒತ್ತಿದ. ಮೂರನೆಯದಕ್ಕೆ ಅವನ ಹೆಗಲು ಕುಲುಕತೊಡಗಿತು, ಅಗಿಯುವುದು ಕಷ್ಟವಾಯಿತು. ಬೋರ್ಗಿಲ್ ಅವನ ಬೆನ್ನ ಮೇಲೆ ಕೈ ಇಟ್ಟಳು. ತಾಯಿ ತನ್ನ ಪಾಲನ್ನು ಮುಗಿಸಿ ಬೆರಳು ಒರೆಸಿಕೊಂಡು ಮೂಗುಬಂಡೆಯ ಕಡೆ ನೋಡುತ್ತ ಕೂತಳು. ಯಾರೂ ಅವಸರ ಮಾಡಲಿಲ್ಲ. ಅವನು ಅಳುತ್ತ ಅಳುತ್ತ ಆರನ್ನೂ ತಿಂದ.